ಒಂದು ಹೆಸರು, ಎರಡು ಸರಕು

ತರಗತಿ ಮುಗಿದೊಡನೆ ನಮ್ಮ ಮೇಜಿನ ಬಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಕೆಲವರು ಕೇಳುವುದು ಪಾಠದ ಪ್ರಶ್ನೆಯನ್ನಲ್ಲ. "ಸಾರ್, ಕಂಪ್ಯೂಟರಿನಲ್ಲಿ ಆಟವಾಡುವುದಕ್ಕೆ ಒಂದು ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕು. ಎರಡು ಜಿಬಿಯದು ಸಾಕೆ, ನಾಲ್ಕು ಜಿಬಿಯದು ಬೇಕೆ?" ಆಟವೇ ತಪ್ಪೆಂದು ಉಪದೇಶಿಸುವ ಹಿರಿಯರ ಸಾಲಿಗೆ ನಾವು ಸೇರಿದವರಲ್ಲ. ಆದರೆ ತಂದೆತಾಯಿಗಳು ಕಷ್ಟಪಟ್ಟು ಕೂಡಿಸಿದ ಹಣವನ್ನು ಈ ಒಂದೇ ಪ್ರಶ್ನೆಯನ್ನು ನಂಬಿ ವ್ಯಯಮಾಡುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ. ಜಿಬಿ ಎಂಬುದು ಮೆಮೊರಿಯ ಗಾತ್ರ; ವೇಗದ ಅಳತೆಯಲ್ಲ.

ಸ್ವಲ್ಪ ಲೆಕ್ಕ ಮಾಡೋಣ. ಇಂದಿನ ಸಾಧಾರಣ ತೆರೆಯಲ್ಲಿ ಅಡ್ಡಲಾಗಿ 1920, ಮೇಲಿನಿಂದ ಕೆಳಕ್ಕೆ 1080, ಅಂದರೆ ಒಟ್ಟು 20 ಲಕ್ಷಕ್ಕೂ ಮಿಕ್ಕಿದ ಬಿಂದುಗಳಿವೆ. ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ 12 ಕೋಟಿ 44 ಲಕ್ಷ ಬಿಂದುಗಳ ಬಣ್ಣ ನಿರ್ಧಾರವಾಗಬೇಕು. ಬಿಂದುವಿಗೆ 4 ಬೈಟುಗಳಂತೆ ಬರೆದರೂ ಸೆಕೆಂಡಿಗೆ ಅರ್ಧ ಜಿಬಿ ಆಯಿತು. ಇದು ಕೊನೆಯ ಬರವಣಿಗೆ ಮಾತ್ರ. ಗೋಡೆಯ ಇಟ್ಟಿಗೆ, ಮರದ ತೊಗಟೆ ಇವುಗಳ ಮೇಲ್ಮೈಯನ್ನು ಓದಿ, ಯಾವ ವಸ್ತು ಮುಂದಿದೆ ಯಾವುದು ಹಿಂದಿದೆ ಎಂದು ಹೋಲಿಸಿ, ನೆರಳುಬೆಳಕುಗಳನ್ನು ಕೂಡಿಸುವಷ್ಟರಲ್ಲಿ, ಒಂದೇ ಬಿಂದುವಿಗಾಗಿ ಚಿಪ್ ಮೆಮೊರಿಯ ಕದವನ್ನು ಹಲವು ಸಲ ತಟ್ಟಬೇಕಾಗುತ್ತದೆ. ಕಣಜ ಎಷ್ಟು ದೊಡ್ಡದಾದರೇನು, ಬಾಯಿ ಕಿರಿದಾಗಿದ್ದರೆ ಕಾಳು ಹೊರಬರುವುದು ಮೆಲ್ಲಗೆಯೇ.

2017ರಲ್ಲಿ ಎನ್‌ವಿಡಿಯಾ ಸಂಸ್ಥೆಯು ಜಿಟಿ 1030 ಎಂಬ ಅಗ್ಗದ ಕಾರ್ಡನ್ನು ಹೊರತಂದಿತು. ಅದರ ಮೆಮೊರಿ ಜಿಡಿಡಿಆರ್5 ಜಾತಿಯದು. ಸೆಕೆಂಡಿಗೆ 48 ಜಿಬಿ ಮಾಹಿತಿಯನ್ನು ಸಾಗಿಸಬಲ್ಲುದು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯುಳ್ಳ ಇನ್ನೊಂದು ಬಂದಿತು. ಎರಡರಲ್ಲಿಯೂ 2 ಜಿಬಿ. ಎರಡರಲ್ಲಿಯೂ 384 ಗಣನ ಘಟಕಗಳು. ಆದರೆ ಎರಡನೆಯದರ ಸಾಗಣೆ ಸೆಕೆಂಡಿಗೆ 16.8 ಜಿಬಿ ಮಾತ್ರ! ಹಲವು ಆಟಗಳಲ್ಲಿ ಚಿತ್ರಗಳ ಸಂಖ್ಯೆ ಅರ್ಧದಷ್ಟಕ್ಕೆ ಇಳಿದುದು ಪರೀಕ್ಷೆಗಳಿಂದ ತಿಳಿದುಬಂದಿತು. ಎರಡು ಬೇರೆ ಸರಕುಗಳಿಗೆ ಒಂದೇ ಹೆಸರಿಡುವುದನ್ನು ವ್ಯಾಪಾರ ಚಾತುರ್ಯವೆಂದು ಕರೆಯುವವರು ಕರೆಯಲಿ. ನಮಗೆ ಅದು ಅನ್ಯಾಯವಾಗಿಯೇ ತೋರುತ್ತದೆ.

ಗಾತ್ರವೇ ಬೇಡವೆಂದು ನಾವು ಹೇಳುತ್ತಿಲ್ಲ. 2022ರ ಜನವರಿಯಲ್ಲಿ ಬಂದ ಎಎಂಡಿ ಸಂಸ್ಥೆಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿನಲ್ಲಿ ಇದ್ದುದು 4 ಜಿಬಿ. ಅದು ತುಂಬಿದರೆ ಉಳಿದ ಮಾಹಿತಿ ಕಂಪ್ಯೂಟರಿನ ಮುಖ್ಯ ಮೆಮೊರಿಯಿಂದ ಬರಬೇಕು. ಆ ದಾರಿಯಲ್ಲಿಯೋ ನಾಲ್ಕೇ ಓಣಿಗಳು. ಹಳೆಯ ಮದರ್‌ಬೋರ್ಡಿನಲ್ಲಿ, ಅಂದರೆ ಪಿಸಿಐ ಎಕ್ಸ್‌ಪ್ರೆಸ್ 3.0 ಇರುವಲ್ಲಿ, ಆ ದಾರಿಯ ವೇಗವೂ ಅರ್ಧವಾಗುತ್ತದೆ. ಅಗ್ಗದ ಕಾರ್ಡನ್ನು ಅರಸುವವರ ಮನೆಯಲ್ಲಿ ಹಳೆಯ ಮದರ್‌ಬೋರ್ಡ್ ಇರುವುದೇ ಸಹಜವಲ್ಲವೆ?

ಮೆಮೊರಿಯ ಬಸ್ಸಿನ ಅಗಲವನ್ನು ಬಿಟ್ಟುಗಳಲ್ಲಿ ತಿಳಿದು, ಒಂದೊಂದು ತಂತಿಯಲ್ಲಿ ಸೆಕೆಂಡಿಗೆ ಹರಿಯುವ ಗಿಗಾಬಿಟ್ಟುಗಳಿಂದ ಗುಣಿಸಿ, 8ರಿಂದ ಭಾಗಿಸಿದರೆ ಸಾಗಣೆಯ ವೇಗ ದೊರೆಯುತ್ತದೆ. ಮೊದಲನೆಯ ಜಿಟಿ 1030ರಲ್ಲಿ 64 ಮತ್ತು 6. ಎರಡನೆಯದರಲ್ಲಿ 64 ಮತ್ತು 2.1. ಹೈಸ್ಕೂಲಿನ ಹುಡುಗನೂ ಮಾಡಬಹುದಾದ ಲೆಕ್ಕವಿದು. ಬಿಸ್ಕತ್ತಿನ ಪೊಟ್ಟಣದ ಮೇಲೆ ತೂಕವನ್ನು ಮುದ್ರಿಸಬೇಕೆಂದು ನಮ್ಮಲ್ಲಿ ಕಾನೂನಿದೆ. ಸಾವಿರಾರು ರೂಪಾಯಿ ಬೆಲೆಬಾಳುವ ಕಾರ್ಡಿನ ಪೆಟ್ಟಿಗೆಯ ಮೇಲೆ ಈ ಒಂದು ಅಂಕಿಯನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿಸುವುದು ಅಸಾಧ್ಯವೇನಲ್ಲ.

ನಮ್ಮ ವಿದ್ಯಾರ್ಥಿಯೊಬ್ಬನು ಈ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋದನು. ಅಂಗಡಿಯವರು ಪೆಟ್ಟಿಗೆಯನ್ನು ಹಿಂದುಮುಂದೆ ತಿರುಗಿಸಿ ನೋಡಿ, "ಅದೆಲ್ಲಾ ಇದರ ಮೇಲೆ ಬರೆದಿಲ್ಲಪ್ಪ" ಎಂದರಂತೆ. ಆತನು ಹಣವನ್ನು ಜೇಬಿನಲ್ಲಿಟ್ಟುಕೊಂಡು ಹಿಂದಿರುಗಿದನು.