ಯಾರ ಮನೆಯದೂ ಅಲ್ಲದ ಒಂದು ಆಟ ನಮ್ಮೂರಿಗೆ ಬೇಕು

ಕಳೆದ ವರ್ಷ ನಮ್ಮ ಮನೆ ಹತ್ತಿರದ ಮೈದಾನದಲ್ಲಿ ಹೊನಲು ಬೆಳಕಿನ ಪಂದ್ಯಾಟ ನಡೆಯಿತು. ಎಂಟನೇ ತರಗತಿಯಲ್ಲಿರುವ ನನ್ನ ತಮ್ಮ ವಾರದ ಮೊದಲೇ ಅಲ್ಲಿಗೆ ಹೋಗಿ ಕಲ್ಲು ಹೆಕ್ಕಿದ, ಸುಣ್ಣದ ಗೆರೆ ಎಳೆಯಲು ಹಗ್ಗ ಹಿಡಿದ, ಬ್ಯಾನರ್ ಕಟ್ಟಿದ. ಪಂದ್ಯದ ರಾತ್ರಿ ಪೊದೆಗೆ ಬಿದ್ದ ಚೆಂಡನ್ನು ಹುಡುಕಿ ತರುವುದು ಅವನ ಕೆಲಸ. ಫೈನಲ್‌ಗೆ ಬಂದ ನಮ್ಮೂರ ತಂಡದಲ್ಲಿ ನಮ್ಮೂರಿನವರು ಇಬ್ಬರೇ, ಉಳಿದವರೆಲ್ಲ ಹೊರಗಿನಿಂದ ಕರೆಸಿದ ಆಟಗಾರರು. ಟ್ರೋಫಿ ಬಂತು, ಪಟಾಕಿ ಹೊಡೆದರು. ಮನೆಗೆ ಬರುವಾಗ ತಮ್ಮ ಕೇಳಿದ್ದು ಒಂದೇ ಮಾತು: "ನಾನು ಆಡುವುದು ಯಾವಾಗ?"

ಈ ಲೇಖನ ಅವನ ಪ್ರಶ್ನೆಯಿಂದ ಹುಟ್ಟಿದ್ದು. ನಮ್ಮಲ್ಲಿ ಯುವಕರ ಕ್ಲಬ್ಬುಗಳಿಗೆ ಕೊರತೆ ಇಲ್ಲ. ಗಲ್ಫ್‌ನಲ್ಲಿರುವ ಅಣ್ಣಂದಿರು ಹಣ ಕಳಿಸುತ್ತಾರೆ, ಜೆರ್ಸಿ ಕೊಡಿಸುತ್ತಾರೆ. ಆದರೆ ಆ ಹಣವೆಲ್ಲ ಒಂದು ರಾತ್ರಿಯ ಲೈಟು, ಮೈಕು, ಪೆಂಡಾಲು, ಟ್ರೋಫಿಗೆ ಮುಗಿಯುತ್ತದೆ. ಮರುದಿನ ಮೈದಾನದಲ್ಲಿ ಉಳಿಯುವುದು ಐಸ್‌ಕ್ರೀಂ ಕಪ್ಪುಗಳು. ವಾರಕ್ಕೆ ಎರಡು ದಿನ ಮಕ್ಕಳನ್ನು ಸೇರಿಸಿ ಆಟ ಕಲಿಸುವ ಕ್ಲಬ್ ನಮ್ಮ ಸುತ್ತಮುತ್ತ ನನ್ನ ಕಣ್ಣಿಗೆ ಬಿದ್ದಿಲ್ಲ. ಸಿದ್ಧಕಟ್ಟೆಯಲ್ಲಿ ಅಂಥದ್ದೊಂದು ಶುರುವಾಗಬೇಕು, ಅದು ರಗ್ಬಿಯೇ ಆಗಬೇಕು ಎನ್ನುವುದು ನನ್ನ ವಾದ.

ರಗ್ಬಿಯಾ ಎಂದು ನಗಬೇಡಿ. ನನಗೂ ಈ ಆಟ ಗೊತ್ತಾದದ್ದು ದುಬೈಯಲ್ಲಿರುವ ಚಿಕ್ಕಪ್ಪನಿಂದ. ಅಲ್ಲಿ 1970ರಿಂದ ದುಬೈ ಸೆವೆನ್ಸ್ ಎಂಬ ದೊಡ್ಡ ಪಂದ್ಯಾಟ ನಡೆಯುತ್ತಿದೆ. ಚಿಕ್ಕಪ್ಪ ಒಮ್ಮೆ ರಜೆಯ ದಿನ ಗೆಳೆಯರೊಂದಿಗೆ ನೋಡಲು ಹೋಗಿ, ಅಲ್ಲಿಂದಲೇ ವಿಡಿಯೋ ಕಳಿಸಿದ್ದರು. ಮೊಟ್ಟೆಯಾಕಾರದ ಚೆಂಡು, ಒಂದು ಕಡೆ ಏಳು ಜನ, ಏಳು ನಿಮಿಷದ ಎರಡು ಅವಧಿ. ಚೆಂಡು ಹಿಡಿದು ಮುಂದೆ ಓಡಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಜೊತೆಗಾರನಿಗೆ ಕೊಡುವುದಾದರೆ ಪಕ್ಕಕ್ಕೆ ಅಥವಾ ಹಿಂದಕ್ಕೇ ಕೊಡಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಐದು ಅಂಕ. ಇಷ್ಟು ಗೊತ್ತಾದರೆ ಪಂದ್ಯ ನೋಡಬಹುದು.

ನಮ್ಮದೇ ಕಬಡ್ಡಿ ಇರುವಾಗ ಇದೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕಬಡ್ಡಿಯ ಬಗ್ಗೆ ನನಗೆ ಹೆಮ್ಮೆ ಉಂಟು. ಪಕ್ಕದ ಕಾರ್ಕಳ ತಾಲೂಕಿನ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್‌ಗಳಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. ಕಾಲು ಹಿಡಿಯುವುದು, ಡ್ಯಾಶ್ ಕೊಡುವುದು, ಮೈ ತಿರುಗಿಸಿ ನುಸುಳುವುದು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಯೇ ಇಲ್ಲ, ಅವೆಲ್ಲ ರಗ್ಬಿಗೂ ಬೇಕಾದವು. ಆದರೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಮೂರಕ್ಕೂ ಊರಿನಲ್ಲಿ ಆಗಲೇ ವಾರಸುದಾರರು ಇದ್ದಾರೆ. ಯಾವ ತಂಡ ಯಾವ ಓಣಿಯದ್ದು, ಅದರಲ್ಲಿ ಯಾರು ಇರುತ್ತಾರೆ, ಯಾರು ಇರುವುದಿಲ್ಲ ಎಂದು ಬ್ಯಾನರ್‌ನಲ್ಲಿರುವ ಹೆಸರು ನೋಡಿದರೆ ತಿಳಿಯುತ್ತದೆ. ಅಣ್ಣ ಆಡಿದ ತಂಡಕ್ಕೆ ತಮ್ಮ ಸೇರುತ್ತಾನೆ. ಅಣ್ಣ ಇಲ್ಲದವನು ಚೆಂಡು ಹೆಕ್ಕುತ್ತಾನೆ. ರಗ್ಬಿ ಮಾತ್ರ ಇಲ್ಲಿ ಯಾರಿಗೂ ಬರುವುದಿಲ್ಲ. ಖತೀಬರ ಮಗ, ಭಟ್ಟರ ಮಗ, ಪೂಜಾರಿಯವರ ಮಗಳು, ಎಸ್ಟೇಟಿನಲ್ಲಿ ಕೆಲಸ ಮಾಡುವವರ ಮಗ ಎಲ್ಲರೂ ಒಂದೇ ದಿನ ಒಂದೇ ರೀತಿ ಚೆಂಡು ಕೈಜಾರಿಸುತ್ತಾರೆ. ಎಲ್ಲರೂ ಸೊನ್ನೆಯಿಂದ ಶುರು ಮಾಡುವ ಅವಕಾಶ ಬೇರೆ ಯಾವ ಆಟದಲ್ಲೂ ಈಗ ನಮಗೆ ಉಳಿದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ತಾಲೂಕಿನ ಹೆಸರು ಪೇಪರಿನ ಮುಖಪುಟದಲ್ಲಿ ಯಾವ ಕಾರಣಕ್ಕೆ ಬರುತ್ತದೆ ಎಂದು ನಿಮಗೆ ಗೊತ್ತು. ಎಲ್ಲೋ ಏನೋ ನಡೆಯುತ್ತದೆ, ನಿಷೇಧಾಜ್ಞೆ ಬೀಳುತ್ತದೆ, ಬಸ್ಸು ನಿಲ್ಲುತ್ತದೆ, ಮೈದಾನ ಖಾಲಿಯಾಗುತ್ತದೆ. ಪ್ರಾಥಮಿಕ ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದ ನಾಲ್ವರಲ್ಲಿ ಮೂವರು ಬೇರೆ ಧರ್ಮದವರು. ಹತ್ತನೇ ತರಗತಿ ಮುಗಿಯುತ್ತಲೇ ಅವರು ಅವರ ಕಾಲೇಜಿಗೆ ಹೋದರು, ನಾನು ನಮ್ಮ ಕಾಲೇಜಿಗೆ ಬಂದೆ. ಇದು ಯಾರ ತಪ್ಪು ಎಂದು ಹುಡುಕುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಪಿಯುಸಿ ತನಕ ಓದುತ್ತಿರುವುದರಲ್ಲಿ ಇಂಥ ಕಾಲೇಜುಗಳ ಪಾಲು ದೊಡ್ಡದು ಎಂಬುದನ್ನೂ ಮರೆಯುವುದಿಲ್ಲ. ಆದರೆ ಈಗ ಅವರಲ್ಲಿ ಒಬ್ಬ ಬಸ್ ಸ್ಟಾಂಡಿನಲ್ಲಿ ಸಿಕ್ಕಿದರೆ "ಹೇಗಿದ್ದಿ ಮಾರಾಯ" ಎಂಬಲ್ಲಿಗೆ ಮಾತು ನಿಲ್ಲುತ್ತದೆ. ನಾವು ಒಟ್ಟಿಗೆ ಮಾಡುವ ಕೆಲಸ ಯಾವುದೂ ಉಳಿದಿಲ್ಲ. ಅದಕ್ಕಾಗಿಯೇ ಈ ತರಬೇತಿ ನಮ್ಮ ಕಾಲೇಜಿನ ಕಾಂಪೌಂಡಿನ ಒಳಗೆ ಮಾತ್ರ ನಡೆಯಬಾರದು. ಸಣ್ಣ ಮಕ್ಕಳ ತಂಡ ಸರಕಾರಿ ಶಾಲೆಯ ಮೈದಾನದಲ್ಲೇ ಆಗಬೇಕು. ತಂಡದ ಹೆಸರು ಊರಿನದ್ದೇ ಇರಲಿ.

ಬರೀ ಕನಸು ಎನ್ನುವವರಿಗೆ ಕೋಲ್ಕತ್ತಾದ ಉದಾಹರಣೆ ಕೊಡುತ್ತೇನೆ. ರಗ್ಬಿಗೂ ಆ ಊರಿಗೂ ಹಳೆಯ ನಂಟು. ಅಲ್ಲಿನ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಎಂಬ ಬ್ರಿಟಿಷರ ರಗ್ಬಿ ಕ್ಲಬ್ 1878ರಲ್ಲಿ ಮುಚ್ಚಿತು. ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ, ಇಲ್ಲಿನ ಕುಶಲಕರ್ಮಿಗಳಿಂದ ಬಟ್ಟಲು ಮಾಡಿಸಿ ಇಂಗ್ಲೆಂಡಿಗೆ ಕೊಟ್ಟರು. ಮೂರು ನಾಗರಹಾವುಗಳ ಹಿಡಿ, ಮುಚ್ಚಳದ ಮೇಲೆ ಆನೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇವತ್ತಿಗೂ ಆಡುವುದು ಆ ಕಲ್ಕತ್ತಾ ಕಪ್ಪಿಗೇ. ನನಗೆ ಅದಕ್ಕಿಂತ ಮುಖ್ಯ ಎನಿಸಿದ್ದು 2004ರಲ್ಲಿ ಅಲ್ಲಿ ಆರಂಭವಾದ ಜಂಗಲ್ ಕ್ರೋಸ್. ಬ್ರಿಟಿಷ್ ರಾಜತಾಂತ್ರಿಕರಾಗಿದ್ದ ಪಾಲ್ ವಾಲ್ಶ್ ಎಂಬವರು ಕೋಲ್ಕತ್ತಾದ ಬಡಾವಣೆಗಳ ಹುಡುಗರನ್ನು ಸೇರಿಸಿ ಕಟ್ಟಿದ ತಂಡ ಅದು. ಅವರ 'ಖೇಲೋ ರಗ್ಬಿ' ಕಾರ್ಯಕ್ರಮದಲ್ಲಿ ಆಟ ಕಲಿತ ಮಕ್ಕಳು ದೊಡ್ಡವರಾಗಿ ತಾವೇ ಕೋಚ್ ಆದರು, ಇನ್ನೊಂದು ಬಡಾವಣೆಗೆ ಹೋಗಿ ಕಲಿಸಿದರು. ಉತ್ತರ ಬಂಗಾಳದ ಸರಸ್ವತಿಪುರ ಎಂಬ ಚಹಾ ತೋಟಕ್ಕೂ ಈ ಆಟ ಹೋಯಿತು. ತೋಟದ ಕಾರ್ಮಿಕರ ಹೆಣ್ಣುಮಕ್ಕಳು ಚೆಂಡು ಹಿಡಿದರು, ಅವರಲ್ಲಿ ಸಂಧ್ಯಾ ರೈ ಮುಂತಾದವರು ಭಾರತಕ್ಕೇ ಆಡಿದರು. (ರೈ ಎಂದ ಕೂಡಲೇ ಪುತ್ತೂರಿನವರು ಎಂದುಕೊಳ್ಳಬೇಡಿ, ಉತ್ತರ ಬಂಗಾಳದಲ್ಲೂ ಆ ಹೆಸರು ಉಂಟು.) ಒಡಿಶಾದ ಸುಮಿತ್ರಾ ನಾಯಕ್ 2019ರಲ್ಲಿ ಸಿಂಗಾಪುರದ ವಿರುದ್ಧ ಕೊನೆಯ ನಿಮಿಷಗಳಲ್ಲಿ ಒದ್ದ ಪೆನಾಲ್ಟಿಯಿಂದ ಭಾರತದ ಮಹಿಳೆಯರು ಹದಿನೈದು ಜನರ ರಗ್ಬಿಯಲ್ಲಿ ತಮ್ಮ ಮೊದಲ ಅಂತಾರಾಷ್ಟ್ರೀಯ ಗೆಲುವು ಪಡೆದರು, 21-19. ಚಹಾ ತೋಟದಲ್ಲಿ ಆದದ್ದು ಅಡಿಕೆ ತೋಟದ ಊರಿನಲ್ಲಿ ಆಗದೆ?

ಹೆಣ್ಣುಮಕ್ಕಳ ಮಾತು ಬಂದಾಗ ನಮ್ಮಲ್ಲಿ ಎಲ್ಲರೂ ಸ್ವಲ್ಪ ಮೌನವಾಗುತ್ತಾರೆ. ನಮ್ಮ ಕಾಲೇಜಿನ ಹುಡುಗಿಯರಿಗೆ ಆಟ ಎಂದರೆ ವರ್ಷಕ್ಕೊಮ್ಮೆ ಕ್ರೀಡಾಕೂಟದ ತ್ರೋಬಾಲ್ ಮತ್ತು ಸಂಗೀತ ಕುರ್ಚಿ. ಫಲಿತಾಂಶ ಬಂದಾಗ ಅವರ ಫೋಟೋವನ್ನು ಫ್ಲೆಕ್ಸ್‌ನಲ್ಲಿ ಹಾಕುವ ನಾವು ವರ್ಷದ ಉಳಿದ ದಿನ ಅವರಿಗೆ ಓಡಲು ಜಾಗ ಕೊಟ್ಟಿಲ್ಲ. ಅವರಿಗೆ ಪ್ರತ್ಯೇಕ ಸಮಯ ಇರಲಿ, ಕಾಲೇಜಿನ ಆವರಣದಲ್ಲೇ ಇರಲಿ, ಉಪನ್ಯಾಸಕಿಯೊಬ್ಬರು ಜೊತೆಗಿರಲಿ. ಉದ್ದ ತೋಳಿನ ಟೀ ಶರ್ಟು, ಟ್ರ್ಯಾಕ್ ಪ್ಯಾಂಟು, ಪಿನ್ ಇಲ್ಲದ ಸ್ಕಾರ್ಫ್ ಸಾಕು. ಪಿನ್ ಮಾತ್ರ ಕೂಡದು, ಚುಚ್ಚುತ್ತದೆ. ಇಂಗ್ಲೆಂಡಿನ ಝೈನಬ್ ಅಲೆಮಾ ಎಂಬ ನರ್ಸ್ ಹಿಜಾಬ್ ಧರಿಸಿಯೇ ರಗ್ಬಿ ಆಡಿ ಹೆಸರಾದವರು. ದೀನ್ ಬಿಟ್ಟು ಆಟ ಆಡಬೇಕಾಗುತ್ತದೆ ಎಂಬ ಭಯ ಇರುವವರು ಸಾನಿ ಬಿಲ್ ವಿಲಿಯಮ್ಸ್ ಬಗ್ಗೆ ಓದಬೇಕು. ಇಸ್ಲಾಂ ಸ್ವೀಕರಿಸಿದ ನ್ಯೂಝಿಲೆಂಡಿನ ಈ ಆಟಗಾರ 2011 ಮತ್ತು 2015ರ ವಿಶ್ವಕಪ್ ಗೆದ್ದ ತಂಡಗಳಲ್ಲಿದ್ದರು. 2017ರಲ್ಲಿ ಬಡ್ಡಿಯ ವಿಷಯದಲ್ಲಿ ತಮಗಿರುವ ಧಾರ್ಮಿಕ ಆಕ್ಷೇಪದಿಂದ ಜೆರ್ಸಿಯ ಕಾಲರ್ ಮೇಲಿದ್ದ ಬ್ಯಾಂಕಿನ ಲಾಂಛನಕ್ಕೆ ಟೇಪ್ ಅಂಟಿಸಿ ಮೈದಾನಕ್ಕಿಳಿದರು. ಆಮೇಲೆ ಅವರಿಗೆ ಅದರಿಂದ ವಿನಾಯಿತಿಯೂ ಸಿಕ್ಕಿತು.

ಪೆಟ್ಟಿನ ಭಯ ಸರಿಯಾದ ಭಯ. ನಮ್ಮ ಮೈದಾನಗಳು ಕೆಂಪುಕಲ್ಲಿನವು, ಬೇಸಿಗೆಯಲ್ಲಿ ಬಿದ್ದರೆ ಮೊಣಕಾಲಿನ ಚರ್ಮ ಉಳಿಯುವುದಿಲ್ಲ. ಅಲ್ಲಿ ಕೆಡವಿ ಹಿಡಿಯುವ ರಗ್ಬಿ ಆಡಿಸುವುದು ಹುಚ್ಚುತನ. ಅದಕ್ಕೆ ಟ್ಯಾಗ್ ರಗ್ಬಿ ಉಂಟು. ಸೊಂಟದ ಎರಡೂ ಬದಿಗೆ ಒಂದೊಂದು ಬಟ್ಟೆಯ ಪಟ್ಟಿ ಸಿಕ್ಕಿಸಿಕೊಳ್ಳುತ್ತಾರೆ. ಚೆಂಡು ಹಿಡಿದು ಓಡುವವನ ಪಟ್ಟಿ ಕಿತ್ತರೆ ಅವನು ಚೆಂಡನ್ನು ಕೂಡಲೇ ಜೊತೆಗಾರನಿಗೆ ಕೊಡಬೇಕು. ಮೈ ಮುಟ್ಟುವಂತಿಲ್ಲ. ಕಿತ್ತವನು ಆ ಪಟ್ಟಿಯನ್ನು ಅವನ ಕೈಗೇ ವಾಪಸ್ ಕೊಟ್ಟು ಆಮೇಲೆ ಆಟ ಮುಂದುವರಿಸಬೇಕು. ಈ ನಿಯಮ ನನಗೆ ತುಂಬಾ ಇಷ್ಟವಾಯಿತು. ಇನ್ನೊಂದು ಪದ್ಧತಿ, ರೆಫ್ರಿಯ ಜೊತೆ ಮಾತಾಡುವುದು ನಾಯಕ ಮಾತ್ರ, ಅದೂ 'ಸರ್' ಎಂದು. ನಮ್ಮ ಪಂದ್ಯಾಟಗಳಲ್ಲಿ ಅಂಪೈರ್ ಸುತ್ತ ನೆರೆಯುವ ಗುಂಪನ್ನು ನೋಡಿದವರಿಗೆ ಇದರ ಬೆಲೆ ತಿಳಿದೀತು. ಟ್ಯಾಗ್ ಆಟದಲ್ಲೂ ತಲೆಗೆ ತಲೆ ಬಡಿಯಬಹುದು. ಹಾಗೆ ಬಡಿದು ತಲೆಸುತ್ತು, ಮಂಕು ಕಾಣಿಸಿದರೆ ಆ ಮಗು ಅವತ್ತು ಮತ್ತೆ ಆಡಬಾರದು, ವೈದ್ಯರಿಗೆ ತೋರಿಸಬೇಕು. ಎಷ್ಟೇ ಹಠ ಮಾಡಿದರೂ, ಎಷ್ಟೇ ಒಳ್ಳೆಯ ಆಟಗಾರನಾದರೂ.

ದೊಡ್ಡ ಹುಡುಗರಿಗೆ ಮೆತ್ತನೆಯ ನೆಲ ಬೇಕಾದರೆ ಏಣೇಲು ಕೊಯ್ಲು ಮುಗಿದ ಗದ್ದೆ ಉಂಟು. ಅಡಿಕೆ ಇಟ್ಟು ಇಟ್ಟು ಗದ್ದೆಯೇ ಕಡಿಮೆಯಾಗಿದೆ, ಆದರೂ ಕೇಳಿದರೆ ಎರಡು ತಿಂಗಳಿಗೆ ಕೊಡುವ ಯಜಮಾನರು ಸಿಗಬಹುದು. ಆಟಿಯಲ್ಲಿ ಕೆಸರುಗದ್ದೆ ಕ್ರೀಡಾಕೂಟಕ್ಕೆ ಕೊಡುವುದಿಲ್ಲವೇ?

ಸಮಯದ ವಿಷಯಕ್ಕೆ ಬರೋಣ, ಇಂಥ ಕೆಲಸಗಳು ಕೆಡುವುದು ಅಲ್ಲಿಯೇ. ಬೆಳಿಗ್ಗೆ ನಮ್ಮ ಮಕ್ಕಳಿಗೆ ಮದ್ರಸ. ಹಾಗಾಗಿ ಬೆಳಗಿನ ಅಭ್ಯಾಸ ಎಂದರೆ ಅರ್ಧ ಊರನ್ನು ಹೊರಗಿಟ್ಟಂತೆ. ಅಸರ್ ಮುಗಿದ ಮೇಲೆ ಮಗ್ರಿಬ್ ಬಾಂಗ್ ತನಕ ಸಿಗುವ ಹೊತ್ತೇ ಸರಿ, ಬೇರೆ ಮನೆಯ ಮಕ್ಕಳಿಗೂ ಅದು ಶಾಲೆ ಬಿಟ್ಟು ತಿಂಡಿ ತಿಂದ ಹೊತ್ತು. ಡಿಸೆಂಬರ್‌ನಲ್ಲಿ ಬೇಗ ಕತ್ತಲಾಗುತ್ತದೆ, ಆಗ ಒಂದು ಗಂಟೆ ಸಾಕು. ರಂಝಾನ್‌ನಲ್ಲಿ ಉಪವಾಸ ಇರುವವರಿಗೆ ರಜೆ, ಉಳಿದವರಿಗೆ ಆಟ ನಿಲ್ಲಿಸಬಾರದು. ಬುಧವಾರ ಮತ್ತು ಶನಿವಾರ ಎಂದು ನಿಗದಿ ಮಾಡಿದರೆ ಇಬ್ಬರೇ ಬಂದರೂ ಆ ಇಬ್ಬರಿಗೇ ಆಡಿಸಬೇಕು. ಒಮ್ಮೆ "ಇವತ್ತು ಇಲ್ಲ" ಎಂದರೆ ಮರುವಾರ ಯಾರೂ ಬರುವುದಿಲ್ಲ.

ಖರ್ಚು ದೊಡ್ಡದಲ್ಲ. ಹತ್ತರಿಂದ ಹದಿನಾಲ್ಕು ವರ್ಷದವರಿಗೆ 4ನೇ ಸೈಜಿನ ಚೆಂಡು, ದೊಡ್ಡವರಿಗೆ 5ನೇ ಸೈಜು. ಪಟ್ಟಿಗೆ ಟೈಲರ್ ಅಂಗಡಿಯ ತುಂಡು ಬಟ್ಟೆ ಸಾಕು. ಒಂದು ಸೀಟಿ, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಂದು ಹಾಜರಿ ಪುಸ್ತಕ. ಹೆತ್ತವರ ಸಹಿ ಇಲ್ಲದೆ ಯಾವ ಮಗುವನ್ನೂ ಸೇರಿಸಬಾರದು. ಕಲಿಸುವವರು ಯಾರು ಎಂಬುದು ನಿಜವಾದ ಕಷ್ಟ. ಬೆಂಗಳೂರಿನಲ್ಲಿ ರಗ್ಬಿ ಆಡುವವರಿದ್ದಾರೆ, 2025ರಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ತಂಡವೂ ಇತ್ತು. ಒಬ್ಬ ತರಬೇತುದಾರರನ್ನು ಎರಡು ದಿನದ ಮಟ್ಟಿಗೆ ಕರೆಸಿ, ನಮ್ಮ ಸುತ್ತಲಿನ ಶಾಲೆ ಕಾಲೇಜುಗಳ ದೈಹಿಕ ಶಿಕ್ಷಣ ಶಿಕ್ಷಕರಿಗೂ ನಮ್ಮಂಥ ಹತ್ತು ವಿದ್ಯಾರ್ಥಿಗಳಿಗೂ ಕಲಿಸಲು ಹೇಳಬಹುದು. ಕ್ಲಬ್ಬಿನ ಅಣ್ಣಂದಿರು ಈ ಸಲ ಒಂದು ಟ್ರೋಫಿ ಕಡಿಮೆ ಮಾಡಿ ಆ ಹಣವನ್ನು ಇದಕ್ಕೆ ಕೊಟ್ಟರೆ ಸಾಕು. ಒಂದು ವರ್ಷದ ತನಕ ಪಂದ್ಯಾಟ ಮಾಡಬಾರದು ಎಂಬ ಷರತ್ತು ನನ್ನದು. ಮೊದಲ ತಿಂಗಳೇ ಬ್ಯಾನರ್ ಕಟ್ಟಿದರೆ ಮತ್ತೆ ಹೊರಗಿನವರು ಬಂದು ಆಡುತ್ತಾರೆ, ನನ್ನ ತಮ್ಮ ಮತ್ತೆ ಪೊದೆಗೆ ಇಳಿಯುತ್ತಾನೆ.

ನಾನು ದ್ವಿತೀಯ ಪಿಯುಸಿ. ಪರೀಕ್ಷೆ ಮುಗಿದರೆ ಮಂಗಳೂರಿಗೋ ಮೂಡಬಿದ್ರೆಗೋ ಹೋಗುವವನು. ನಮ್ಮೂರಿನ ಎಷ್ಟೋ ಒಳ್ಳೆಯ ಕೆಲಸಗಳು ಶುರು ಮಾಡಿದವನು ವಿಮಾನ ಹತ್ತಿದ ದಿನವೇ ನಿಂತಿವೆ. ಆದ್ದರಿಂದ ಪ್ರಥಮ ಪಿಯುಸಿಯ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಈಗಲೇ ಜೊತೆಯಾಗಬೇಕು. ಮೈದಾನಕ್ಕೆ ಅನುಮತಿ ಕೇಳಿ ಮುಖ್ಯ ಶಿಕ್ಷಕರಿಗೆ ಕೊಡುವ ಪತ್ರವನ್ನು ಬರೆದಿಟ್ಟಿದ್ದೇನೆ, ನನ್ನ ಹಳೆಯ ಬೆಂಚಿನ ಇಬ್ಬರು ಸಹಿ ಹಾಕಿದ್ದಾರೆ. ಚಿಕ್ಕಪ್ಪ ರಜೆಗೆ ಬರುವಾಗ ಎರಡು ಚೆಂಡು ತರುತ್ತಾರಂತೆ. ಹೆಸರು ಕೊಡುವವರು ಶುಕ್ರವಾರ ಮಧ್ಯಾಹ್ನ ಜುಮಾ ಮುಗಿಸಿ ಬಂದ ಮೇಲೆ ಗ್ರಂಥಾಲಯದ ಎದುರು ಸಿಗಿ. ಹಾಜರಿ ಪುಸ್ತಕದ ಮೊದಲ ಸಾಲಿನಲ್ಲಿ ತಮ್ಮ ಆಗಲೇ ತನ್ನ ಹೆಸರು ಬರೆದಿದ್ದಾನೆ.