ಕೈ ತಡೆದು ನೋಡೋದನ್ನ ಕಲಿಸಿ

'ನಮ್ಮ ಹುಡುಗ ಚೆಸ್ ಚೆನ್ನಾಗೇ ಆಡ್ತಾನೆ, ಆದ್ರೆ ವಿಪರೀತ ಗಡಿಬಿಡಿ. ಹತ್ತೇ ನಿಮಿಷದಲ್ಲಿ ಕ್ವೀನ್ ಕಳ್ಕೊಂಡು ಎದ್ದು ಬರ್ತಾನೆ...' ಟೂರ್ನಿ ನಡೆಯುವ ಹಾಲ್‌ನ ಹೊರಗೆ ಕಾಯುವ ಅಮ್ಮಂದಿರ ದೂರು ಇದು. ಕಾರವಾರ ತಾಲ್ಲೂಕಿನ ಕೈಗಾದಂಥ ಕಡೆ ಮಳೆ ಹಿಡಿದರೆ ತಿಂಗಳುಗಟ್ಟಲೆ ಮಕ್ಕಳಿಗೆ ಒಳಗಿನ ಆಟವೇ ಗತಿ. ಅಲ್ಲೂ ಅಷ್ಟೇ, ಬೆಂಗಳೂರಿನ ಅಪಾರ್ಟ್‌ಮೆಂಟಲ್ಲೂ ಅಷ್ಟೇ, ಅಮ್ಮ ಹೇಳುವ ಮಾತು ಒಂದೇ: 'ನಿಧಾನಕ್ಕೆ ಆಡೋ!'

ಆದರೆ ಈ ಮಾತಿನಿಂದ ಪ್ರಯೋಜನವಿಲ್ಲ ಅನ್ನೋದು ನನ್ನ ಅಭಿಪ್ರಾಯ. ನಿಧಾನ ಅಂದ್ರೆ ಏನು ಮಾಡಬೇಕು ಅಂತ ಮಗುವಿಗೆ ಗೊತ್ತಿಲ್ಲ. ಐದು ನಿಮಿಷ ಫ್ಯಾನ್ ನೋಡುತ್ತಾ ಕೂತು, ಆಮೇಲೆ ಮೊದಲು ಹೊಳೆದ ನಡೆಯನ್ನೇ ಆಡುತ್ತೆ. ಮಗುವಿಗೆ ಬುದ್ಧಿ ಇಲ್ಲ ಅಂತಲ್ಲ. ಅದು ತನ್ನ ಪ್ಲಾನ್ ಮಾತ್ರ ನೋಡುತ್ತೆ, ಎದುರಿನವರ ನಡೆಯನ್ನು ನೋಡೋದೇ ಇಲ್ಲ.

ಇದು ದೊಡ್ಡವರಿಗೂ ತಪ್ಪಿದ್ದಲ್ಲ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೇ ಆಟದಲ್ಲಿ ಚೀನಾದ ಡಿಂಗ್ ಲಿರೆನ್ ತಮ್ಮ ಆನೆಯನ್ನು ತಪ್ಪು ಮನೆಗೆ ಇಟ್ಟರು. ಮೊದಲು ಅದು ತನಗೆ ಗೊತ್ತೇ ಆಗಲಿಲ್ಲ, ಬೇರೆ ನಡೆ ಆಡುವುದರಲ್ಲಿದ್ದೆ ಎಂದು ಡಿ. ಗುಕೇಶ್ ಆಮೇಲೆ ಹೇಳಿಕೊಂಡರು. ಆಡದೆ ಇನ್ನೊಮ್ಮೆ ನೋಡಿದ್ದಕ್ಕೇ ಹದಿನೆಂಟರ ಹುಡುಗ ವಿಶ್ವ ಚಾಂಪಿಯನ್ ಆದ!

ಹಾಗಾದ್ರೆ ಮನೆಯಲ್ಲಿ ನೀವೇನು ಮಾಡಬಹುದು? ನಿಮಗೆ ಚೆಸ್ ಬರಲೇಬೇಕು ಅಂತೇನಿಲ್ಲ.

* ಪ್ರತಿ ನಡೆಗೂ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳೋದನ್ನ ರೂಢಿ ಮಾಡಿಸಿ. 'ಅವರು ಯಾಕೆ ಹಾಗೆ ಆಡಿದ್ರು?' 'ನಾನು ಹೀಗೆ ಆಡಿದ್ರೆ ಅವರು ನನ್ನ ಯಾವ ಕಾಯಿ ಹೊಡೀಬಹುದು?'

* ಯೋಚಿಸುವಾಗ ಕೈ ತೊಡೆಯ ಕೆಳಗಿರಲಿ. ಮುಟ್ಟಿದ ಕಾಯಿಯನ್ನೇ ಆಡಬೇಕು ಅನ್ನೋದು ಟೂರ್ನಿಯ ನಿಯಮ. ಮನೆಯಲ್ಲೂ ಅದನ್ನೇ ಪಾಲಿಸಿ, 'ಹೋಗ್ಲಿ, ವಾಪಸ್ ತಗೋ ಪುಟ್ಟಾ' ಅನ್ನಬೇಡಿ.

* ನಡೆಗಳನ್ನು ಬರೆಯಲು ಕಲಿಸಿ. ಎದುರಿನವರ ನಡೆ ಬರೆದು, ಪೆನ್ನು ಕೆಳಗಿಟ್ಟು, ಆಮೇಲೆ ಯೋಚನೆ. ತನ್ನ ನಡೆಯನ್ನು ಮಾತ್ರ ಆಡಿದ ಮೇಲೇ ಬರೆಯಬೇಕು, ಮೊದಲೇ ಬರೆಯೋದಕ್ಕೆ ನಿಯಮದಲ್ಲಿ ಅವಕಾಶವಿಲ್ಲ.

* ಮೊಬೈಲ್‌ನಲ್ಲಿ ಒಂದು ನಿಮಿಷ, ಮೂರು ನಿಮಿಷದ ಆಟಗಳಿಗೆ ಕಡಿವಾಣ ಹಾಕಿ. ಕೈ ಓಡಿದಷ್ಟು ಅಲ್ಲಿ ತಲೆ ಓಡಲ್ಲ. ವಾರಕ್ಕೆರಡು ಸಲವಾದರೂ ಬೋರ್ಡ್ ಮೇಲೆ, ತಲಾ ಅರ್ಧ ಗಂಟೆ ಸಮಯ ಇಟ್ಟುಕೊಂಡು ಆಡಲಿ. ಆ ಹೊತ್ತು ಟಿವಿ ಬಂದ್!

ಇನ್ನೊಂದು ಮಾತು, ಬೇಸರ ಮಾಡ್ಕೋಬೇಡಿ. ಮಗುವಿನ ಗಡಿಬಿಡಿಗೆ ಎಷ್ಟೋ ಸಲ ನಾವೇ ಕಾರಣ. ಹಾಲ್‌ನಿಂದ ಹೊರಬಂದ ಕೂಡಲೇ 'ಗೆದ್ಯಾ?' ಅಂತೀವಿ. ಸೋತರೆ ನಾಲ್ಕು ಜನರೆದುರೇ 'ಅಷ್ಟೂ ಕಾಣ್ಲಿಲ್ವಾ?' ಅಂತ ಗದರುತ್ತೀವಿ. ಭಯದಲ್ಲಿರುವ ಮಗು ಆಟ ಬೇಗ ಮುಗಿದರೆ ಸಾಕು ಅಂತ ಆಡುತ್ತೆ. ಹೀಗೇ ಮುಂದುವರಿದರೆ ಒಂದು ದಿನ ಬೋರ್ಡನ್ನೇ ಮುಟ್ಟೋದಿಲ್ಲ. ಅದರ ಬದಲು, ಮೊದಲು ನೀರು, ತಿಂಡಿ ಕೊಡಿ. ಆಮೇಲೆ 'ಇವತ್ತು ಯಾವ ನಡೆಗೆ ತುಂಬಾ ಹೊತ್ತು ಯೋಚಿಸಿದೆ? ತೋರಿಸು' ಅನ್ನಿ. ಗೆಲುವಿಗೆ ಸಿಗುವ ಶಹಭಾಸ್ ಯೋಚನೆಗೂ ಸಿಗಲಿ.

ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲಿ ಭಾರಜಲ ಬಳಸುತ್ತಾರೆ ಗೊತ್ತಾ? ನಾಗಾಲೋಟದ ನ್ಯೂಟ್ರಾನ್‌ಗಳ ವೇಗ ತಗ್ಗಿಸೋದು ಅದರ ಕೆಲಸ. ವೇಗ ತಗ್ಗಿದರೆ ಮಾತ್ರ ಅಲ್ಲಿ ಕ್ರಿಯೆ ಮುಂದುವರಿಯುತ್ತೆ, ವಿದ್ಯುತ್ ಬರುತ್ತೆ. ಅಲ್ಲಿನ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಡೆದು ಆಗಿನ ವಿಶ್ವದಾಖಲೆಯನ್ನೇ ಮಾಡಿತ್ತು. ಮಕ್ಕಳ ಚುರುಕುತನವೂ ಹಾಗೇ, ಅದನ್ನು ಆರಿಸಬಾರದು, ಹದಕ್ಕೆ ತರಬೇಕು.

ಒಂದೇ ವಾರದಲ್ಲಿ ಫಲ ಸಿಗಲಿಲ್ಲ ಅಂತ ನೀವೇ ಗಡಿಬಿಡಿ ಮಾಡಬೇಡಿ ಮತ್ತೆ! ಮೊದಲು ಒಂದು ಆಟದಲ್ಲಿ ಒಂದು ಸಲ ಮಗು ಚಾಚಿದ ಕೈಯನ್ನು ಹಿಂದಕ್ಕೆ ತಗೊಂಡ್ರೆ ಸಾಕು. ಅದನ್ನು ಗಮನಿಸಿ, ಗಮನಿಸಿದ್ದನ್ನು ಮಗುವಿಗೂ ಹೇಳಿ.