ಲೀಟರಿನ ಬೆಲೆಯೋ, ಶಾಖದ ಬೆಲೆಯೋ?

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದೇ ದಿನ, ಒಂದೇ ಸೂರಿನ ಕೆಳಗೆ, ಒಂದು ಕಿಲೋ ಗೂಡಿಗೆ ಹಲವು ಬೆಲೆಗಳು ನಡೆಯುತ್ತವೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕೊಳ್ಳುವ ರೀಲರಿಗೆ ಬೇಕಾದುದು ಗೂಡಿನ ತೂಕವಲ್ಲ, ಅದರಿಂದ ಬಿಚ್ಚಿಬರುವ ನೂಲು. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾದೀತೆಂಬುದನ್ನು ಅಂದಾಜುಮಾಡಿಯೇ ಅವನು ಬೆಲೆ ಕಟ್ಟುತ್ತಾನೆ. ಅದೇ ಮನುಷ್ಯ ತನ್ನ ಸ್ಕೂಟರಿಗೆ ಪೆಟ್ರೋಲು ಹಾಕಿಸಲು ಹೋದಾಗ ಮಾತ್ರ ಬರಿಯ ಲೀಟರಿನ ಲೆಕ್ಕವನ್ನು ಒಪ್ಪಿಕೊಳ್ಳಬೇಕಾಗಿದೆ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಈಗ ನಾವು ಪೆಟ್ರೋಲೆಂದು ಕೊಳ್ಳುವುದು ಬರಿಯ ಪೆಟ್ರೋಲಲ್ಲ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಮಂತ್ರಿಗಳು ಬಿಡುಗಡೆ ಮಾಡಿದ ಇ-20 ಎಂಬ ಮಿಶ್ರಣವು 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಹಬ್ಬಿತು. ಇದರ ನೂರು ಪಾಲಿನಲ್ಲಿ ಸುಮಾರು 20 ಪಾಲು ಎಥೆನಾಲು. ಎಂದರೆ ಕಬ್ಬು, ಕಾಕಂಬಿ, ಮುಸುಕಿನ ಜೋಳ, ಅಕ್ಕಿ ಮೊದಲಾದವುಗಳಿಂದ ತೆಗೆದ ಮದ್ಯಸಾರ. ವಿಚಾರವೇನೂ ಹೊಸದಲ್ಲ. ಮದ್ಯಸಾರವನ್ನು ಪೆಟ್ರೋಲಿನೊಡನೆ ಬೆರೆಸುವುದಕ್ಕಾಗಿ ನಮ್ಮ ದೇಶದಲ್ಲಿ 1948ರಲ್ಲಿಯೇ ಒಂದು ಕಾಯಿದೆಯಾಗಿತ್ತು.

ಮದ್ಯಸಾರದ ಅಣುವಿನಲ್ಲಿ ಇಂಗಾಲದ ಎರಡು, ಜಲಜನಕದ ಆರು ಪರಮಾಣುಗಳ ಜೊತೆಗೆ ಆಮ್ಲಜನಕದ ಒಂದು ಪರಮಾಣುವೂ ಇದೆ. ತೂಕದಲ್ಲಿ ಈ ಆಮ್ಲಜನಕದ ಪಾಲು ಮೂರರಲ್ಲಿ ಒಂದಕ್ಕಿಂತ ಕೊಂಚ ಹೆಚ್ಚು. ಪೆಟ್ರೋಲಿನ ಅಣುಗಳು ಬಹುಮಟ್ಟಿಗೆ ಇಂಗಾಲ ಮತ್ತು ಜಲಜನಕಗಳಿಂದಲೇ ಆದವು. ಉರಿಯುವುದೆಂದರೆ ಆಮ್ಲಜನಕದೊಡನೆ ಕೂಡುವುದು. ಮೊದಲೇ ಸ್ವಲ್ಪ ಕೂಡಿಕೊಂಡಿರುವ ವಸ್ತುವು, ಅರ್ಧ ಉರಿದ ಸೌದೆಯಂತೆ, ಕಡಮೆ ಶಾಖ ಕೊಡುವುದು ಸಹಜ. ಒಂದು ಲೀಟರು ಪೆಟ್ರೋಲಿನಿಂದ ಸುಮಾರು 32 ಮೆಗಾಜೂಲು ಶಾಖ ದೊರೆತರೆ, ಒಂದು ಲೀಟರು ಮದ್ಯಸಾರದಿಂದ ದೊರೆಯುವುದು ಸುಮಾರು 21 ಮಾತ್ರ. ಆದ್ದರಿಂದ ಪೆಟ್ರೋಲಿಗೆ ಲೀಟರಿಗೆ 100 ರೂಪಾಯಿ ಇದ್ದರೆ, ಮದ್ಯಸಾರ 66 ರೂಪಾಯಿಗೆ ಸಿಕ್ಕಾಗ ಎರಡೂ ಸಮ. ಅದಕ್ಕಿಂತ ಕೆಳಗಿದ್ದರೆ ಮದ್ಯಸಾರವೇ ಅಗ್ಗ. ಎರಡು ಇಂಧನಗಳನ್ನೂ ಒಂದೇ ಬಂಕಿನಲ್ಲಿ ಮಾರುವ ಬ್ರೆಜಿಲಿನಲ್ಲಿ ಗ್ರಾಹಕರು ಪೆಟ್ರೋಲಿನ ಬೆಲೆಯನ್ನು 0.7ರಿಂದ ಗುಣಿಸಿ ನೋಡುತ್ತಾರೆ. ಅಲ್ಲಿಯ ಪೆಟ್ರೋಲಿನಲ್ಲಿಯೇ ಮದ್ಯಸಾರ ಬೆರೆತಿರುವುದರಿಂದ ಅಂಕಿ ಕೊಂಚ ಮೇಲಿದೆ.

ನಮಗೆ ಆ ಆಯ್ಕೆಯಿಲ್ಲ. ಬರಿಯ ಮದ್ಯಸಾರವೆನ್ನಬಹುದಾದ ಇ-100ನ್ನು 2024ರ ಮಾರ್ಚಿಯಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳ 183 ಬಂಕುಗಳಲ್ಲಿ ಮಾರಾಟಕ್ಕಿಟ್ಟರಾದರೂ, ಅದನ್ನು ಕುಡಿಯಬಲ್ಲ ಗಾಡಿಗಳೇ ಅಪರೂಪ. ಹಾಗಾಗಿ ಇ-20ರ ಲೆಕ್ಕವನ್ನೇ ಮಾಡೋಣ. 0.8 ಲೀಟರು ಪೆಟ್ರೋಲಿನಿಂದ 25.6, 0.2 ಲೀಟರು ಮದ್ಯಸಾರದಿಂದ 4.2, ಒಟ್ಟು 29.8 ಮೆಗಾಜೂಲು. ನೂರಕ್ಕೆ ಏಳರಷ್ಟು ಶಾಖ ಕಡಮೆಯಾಯಿತು. ರಸ್ತೆಯ ಮೇಲಿನ ನಷ್ಟ ಎಲ್ಲ ಗಾಡಿಗಳಿಗೂ ಇಷ್ಟೇ ಅಲ್ಲ. ಇ-10ಕ್ಕೆ ಹೊಂದಿಸಿದ ಹಳೆಯ ಕಾರುಗಳಿಗೆ ನೂರಕ್ಕೆ 6–7, ದ್ವಿಚಕ್ರ ವಾಹನಗಳಿಗೆ 3–4, ಇ-20ಕ್ಕೆಂದೇ ಹೊಂದಿಸಿದ ಕಾರುಗಳಿಗೆ 1–2 ಎಂದು ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿತು. ಕೊನೆಯದಕ್ಕೆ ಕಾರಣವುಂಟು: ಮದ್ಯಸಾರ ಬೆರೆತ ಇಂಧನ ಸುಲಭವಾಗಿ ಅಕಾಲದಲ್ಲಿ ಸಿಡಿಯದು, ಆದುದರಿಂದ ಎಂಜಿನಿನಲ್ಲಿ ಅದನ್ನು ಹೆಚ್ಚು ಒತ್ತಿ, ಅದೇ ಶಾಖದಿಂದ ಹೆಚ್ಚು ಕೆಲಸ ತೆಗೆಯಬಹುದು. ಹಳೆಯ ಎಂಜಿನಿಗೆ ಆ ಲಾಭ ದಕ್ಕದು.

ಕನಕಪುರದಿಂದ ಬೆಂಗಳೂರಿಗೆ ಹೋಗಿಬರುವ ಒಬ್ಬರ ಹಳೆಯ ಕಾರು ತಿಂಗಳಿಗೆ 2,100 ಕಿ.ಮೀ. ಓಡುವುದೆಂದಿಟ್ಟುಕೊಳ್ಳಿ. ಲೀಟರಿಗೆ 15 ಕಿ.ಮೀ. ಓಡಿದರೆ 140 ಲೀಟರು ಸಾಕು, 14 ಕಿ.ಮೀ. ಓಡಿದರೆ 150 ಲೀಟರು ಬೇಕು. ತಿಂಗಳಿಗೆ 1,000 ರೂಪಾಯಿ! ಮಾಗಡಿಯ ಕಡೆಯಿಂದ ಸ್ಕೂಟರಿನ ಮೇಲೆ ಗೂಡು ತರುವ ರೈತನಿಗೆ 80 ಕಿ.ಮೀ. ಓಡಾಟಕ್ಕೆ ಆಗುವ ನಷ್ಟ ಆರೇಳು ರೂಪಾಯಿ. ಇದು ಅಲ್ಪವೆನ್ನಬಹುದು, ಆದರೆ ಅವನನ್ನು ಕೇಳಿ ತೆಗೆದುಕೊಂಡದ್ದಲ್ಲ.

ಬೆಲೆ ಏಕೆ ಇಳಿಸಲಿಲ್ಲವೆಂಬ ಪ್ರಶ್ನೆಗೆ ಕೇಂದ್ರದ ಪೆಟ್ರೋಲಿಯಂ ಮಂತ್ರಾಲಯ 2025ರ ಆಗಸ್ಟಿನಲ್ಲಿ ಉತ್ತರ ಕೊಟ್ಟಿತು: ಮದ್ಯಸಾರದ ಸರಾಸರಿ ಖರೀದಿ ಬೆಲೆಯೇ ಸಾಗಾಣಿಕೆ, ತೆರಿಗೆ ಸೇರಿ ಲೀಟರಿಗೆ 71.32 ರೂಪಾಯಿ; ಇದು ಶುದ್ಧೀಕರಿಸಿದ ಪೆಟ್ರೋಲಿನ ವೆಚ್ಚವನ್ನು ಮೀರಿದೆ. ಜೊತೆಗೆ ವಿದೇಶೀ ವಿನಿಮಯ ಉಳಿಯುತ್ತದೆ, ರೈತನಿಗೆ ಹಣ ಸೇರುತ್ತದೆ. ಇವು ಹಗುರವಾದ ಮಾತುಗಳಲ್ಲ. ಆದರೆ ಮಾರುವವನ ವೆಚ್ಚ ಏರಿತೆಂದ ಮಾತ್ರಕ್ಕೆ ಕೊಳ್ಳುವವನಿಗೆ ದೊರೆಯುವ ಶಾಖ ಹೆಚ್ಚುವುದಿಲ್ಲ. ಚನ್ನಪಟ್ಟಣ, ಕನಕಪುರಗಳ ರೈತ ಹೆಚ್ಚಾಗಿ ಬೆಳೆಯುವುದು ರಾಗಿ, ಮಾವು, ಹಿಪ್ಪುನೇರಳೆ. ಮದ್ಯಸಾರದ ಲಾಭ ನೆರೆಯ ಮಂಡ್ಯದ ಕಬ್ಬಿನ ಗದ್ದೆಗೆ ಹರಿದಷ್ಟು ಇವರ ಹೊಲಕ್ಕೆ ಹರಿಯದು. ಲಾಭ ದೇಶದ್ದಾದರೆ ಅದರ ಬೆಲೆಯನ್ನು ದೇಶದ ಬೊಕ್ಕಸವೇ ತೆರಲಿ: ಶಾಖ ಕಡಮೆಯಾದ ಪ್ರಮಾಣದಲ್ಲಿ ಇ-20ರ ಮೇಲಿನ ತೆರಿಗೆಯನ್ನು ಇಳಿಸಲಿ. ಬಂಕಿನ ಫಲಕದಲ್ಲಿ ದರದ ಪಕ್ಕದಲ್ಲಿಯೇ ಮದ್ಯಸಾರದ ಪಾಲನ್ನೂ ಲೀಟರಿನ ಶಾಖವನ್ನೂ ಬರೆಯಲಿ.

ಅಲ್ಲಿಯವರೆಗೆ ವಾಚಕರು ತಮ್ಮ ಮನೆಯ ಗಾಡಿಯನ್ನು ತಾವೇ ಅಳೆಯಬಹುದು. ಟ್ಯಾಂಕನ್ನು ತುಂಬಿಸಿ ಮೀಟರಿನ ಅಂಕಿ ಬರೆದಿಡಿ. ಮತ್ತೆ ಅದೇ ಬಂಕಿನಲ್ಲಿ ತುಂಬಿಸಿದಾಗ ಓಡಿದ ದೂರವನ್ನು ಹಾಕಿದ ಲೀಟರಿನಿಂದ ಭಾಗಿಸಿ. ಒಂದು ಸಲದ ಅಳತೆಯನ್ನು ನಂಬಬಾರದು. ಮಾಗಡಿ ರಸ್ತೆಯ ಏರಿಳಿತಕ್ಕೂ ಮೈಸೂರು ಹೆದ್ದಾರಿಯ ಸಮತಟ್ಟಿಗೂ ಇರುವ ಅಂತರ ಇ-20ರ ಅಂತರವನ್ನು ಸುಲಭವಾಗಿ ನುಂಗಿಬಿಡುತ್ತದೆ. ಒಂದೇ ದಾರಿ, ಒಂದೇ ಹೊರೆ, ಕಡಮೆಯೆಂದರೆ ಐದಾರು ಟ್ಯಾಂಕುಗಳ ಸರಾಸರಿ ಬೇಕು. ಹಳೆಯ ಡೈರಿಯಲ್ಲಿ 2022ಕ್ಕೆ ಹಿಂದಿನ ಲೆಕ್ಕ ಬರೆದಿಟ್ಟವರ ಮನೆಗಳಲ್ಲಿ ಹೋಲಿಕೆಗೆ ಬೇಕಾದ ಅರ್ಧ ಕೆಲಸ ಆಗಲೇ ಮುಗಿದಿದೆ.